ಇವತ್ತು ಸಿಂಕ್ ಖಾಲಿ

ಬೆಳಗ್ಗೆ ಪಾತ್ರೆಯನ್ನೆಲ್ಲ ನಾನೇ ತೊಳೆದಿಟ್ಟೆ.

ಮಗು ನೋಡಿಕೊಳ್ಳುವ ಅಕ್ಕ ಶಾಂತಿಗ್ರಾಮದಿಂದ ಬಸ್ಸಿನಲ್ಲಿ ಹಾಸನಕ್ಕೆ ಬರುತ್ತಾರೆ. ಸೇರುವಾಗ ಮಾತಾಡಿದ್ದು ಮಗುವಿನ ಕೆಲಸ ಮಾತ್ರ. ರಾಗಿ ಸರಿ, ಸ್ನಾನ, ನಿದ್ದೆ, ಪುಟ್ಟ ಬಟ್ಟೆಗಳು. ಆಮೇಲೆ ಒಂದೊಂದೇ ಸೇರಿಕೊಂಡಿತು. "ಆ ತಟ್ಟೆ ತೊಳೆದುಬಿಡಿ ಅಕ್ಕಾ." "ಸುಮ್ನೆ ಒಂದ್ಸಲ ಗುಡಿಸಿಬಿಡಿ." ಅವರು ಒಮ್ಮೆಯೂ ಇಲ್ಲ ಅನ್ನಲಿಲ್ಲ.

ನಿನ್ನೆ ಮಧ್ಯಾಹ್ನ ಬೇಗ ಮನೆಗೆ ಬಂದೆ. ಅಕ್ಕ ಸೊಂಟದ ಮೇಲೆ ಮಗು ಕೂರಿಸಿಕೊಂಡು, ನಾವು ರಾತ್ರಿ ಬಿಟ್ಟಿದ್ದ ಕುಕ್ಕರ್ ಒಂದೇ ಕೈಯಲ್ಲಿ ಉಜ್ಜುತ್ತಿದ್ದರು. ತುಂಬಾ ಬೇಜಾರಾಯಿತು.

ರಾತ್ರಿ ನಾನೂ ನಮ್ಮ ಮನೆಯವರೂ ಕೂತು ಮಾತಾಡಿದೆವು. ಪಾತ್ರೆ ನನ್ನದು. ಗುಡಿಸಿ ಒರೆಸುವುದು, ಕಸ ಹಾಕುವುದು ಮನೆಯವರದು. ಭಾನುವಾರ ಅಕ್ಕನಿಗೆ ಸಂಬಳದ ಜೊತೆ ರಜೆ. ಜಾಸ್ತಿ ಕೆಲಸ ಬೇಕಾದರೆ ಮೊದಲು ಕೇಳಬೇಕು, ಅದಕ್ಕೆ ಬೇರೆ ದುಡ್ಡು ಕೊಡಬೇಕು. ಕರ್ನಾಟಕ 2004ರಲ್ಲೇ ಮನೆಗೆಲಸಕ್ಕೆ ಕನಿಷ್ಠ ವೇತನ ನಿಗದಿ ಮಾಡಿತ್ತು. ಸರ್ಕಾರವೇ ಇದನ್ನು ಕೆಲಸ ಅಂತ ಲೆಕ್ಕಕ್ಕೆ ತಗೊಂಡ ಮೇಲೆ ಮನೆಯೊಳಗಿನ ನಾವು ತಗೊಳ್ಳಬೇಕು ಅಲ್ವಾ?

ಇವತ್ತು ಅಕ್ಕ ಒಳಗೆ ಬಂದವರೇ ಸಿಂಕ್ ಕಡೆ ಒಂದು ಗಳಿಗೆ ನೋಡಿದರು. ಏನೂ ಹೇಳಲಿಲ್ಲ. ಮಗುವನ್ನು ಎತ್ತಿಕೊಂಡು ಎಳೆಬಿಸಿಲಿಗೆ ಅಂಗಳಕ್ಕೆ ಹೋದರು.