ಕೇಪ್‌ಟೌನ್‌ನಲ್ಲಿ ಪಿಎಚ್‌ಡಿ, ಯಾಕೆ ಅಂತ ಕೇಳೋರಿಗೆ

ಊರಿಂದ ಯಾರೇ ಫೋನ್ ಮಾಡಿದ್ರೂ ಒಂದೇ ಪ್ರಶ್ನೆ, ಓದೋಕೆ ಅಂತ ಯಾರಾದ್ರೂ ಆಫ್ರಿಕಾಕ್ಕೆ ಹೋಗ್ತಾರಾ, ಅಮೆರಿಕಾದಲ್ಲಿ ಸೀಟ್ ಸಿಗ್ಲಿಲ್ವಾ ಅಂತ. ಎಲ್ರಿಗೂ ಸೇರ್ಸಿ ಇಲ್ಲೇ ಹೇಳ್ಬಿಡ್ತೀನಿ. ನಮ್ಮಲ್ಲಿ ಬೈಕಿಂದ ಬಿದ್ದು ತಲೆಗೆ ಪೆಟ್ಟಾದ್ರೆ ಡಾಕ್ಟ್ರು ಮೊದ್ಲು ಬರ್ಕೊಡೋದು ಸಿಟಿ ಸ್ಕ್ಯಾನ್ ತಾನೇ, ಅದರ ಹಿಂದಿರೋ ಲೆಕ್ಕದ ಯೋಚನೆ ಹುಟ್ಟಿದ್ದೇ ಈ ಊರಲ್ಲಿ. 1956ರಲ್ಲಿ, ನಾನೀಗ ಓದ್ತಿರೋ ಇದೇ ಕೇಪ್‌ಟೌನ್ ಯೂನಿವರ್ಸಿಟಿಯಲ್ಲಿ ಫಿಸಿಕ್ಸ್ ಹೇಳ್ಕೊಡ್ತಿದ್ದ ಅಲನ್ ಕಾರ್ಮ್ಯಾಕ್ ಗ್ರೂಟೆ ಸ್ಕೂರ್ ಆಸ್ಪತ್ರೆಗೂ ಪಾರ್ಟ್‌ಟೈಮ್ ಹೋಗ್ತಿದ್ರು, ಅಲ್ಲಿ ಕ್ಯಾನ್ಸರ್ ರೋಗಿಗಳಿಗೆ ರೇಡಿಯೇಶನ್ ಕೊಡೋದನ್ನ ನೋಡ್ತಾ ನೋಡ್ತಾ ದೇಹದೊಳಗಡೆ ಎಲ್ಲಿ ಎಷ್ಟು ಎಕ್ಸ್‌ರೇ ಹೀರ್ಕೊಳ್ಳುತ್ತೆ ಅನ್ನೋದನ್ನ ಹೊರಗಿಂದ್ಲೇ ಲೆಕ್ಕ ಹಾಕೋದು ಹೇಗೆ ಅಂತ ಅದರ ಹಿಂದೆ ಬಿದ್ರು, 1979ರಲ್ಲಿ ಸ್ಕ್ಯಾನ್ ಮೆಷಿನ್ ಕಟ್ಟಿದ ಇಂಗ್ಲೆಂಡಿನ ಎಂಜಿನಿಯರ್ ಹೌನ್ಸ್‌ಫೀಲ್ಡ್ ಜೊತೆ ನೊಬೆಲ್ ಬಂತು.

ಅದೆಲ್ಲ ಹಳೇ ಮಾತು ಬಿಡಿ. ಈಗಿನದು ಕೇಳಿ. ಮಲೇರಿಯಾದಿಂದ ಸಾಯೋರಲ್ಲಿ ಬಹುಪಾಲು ಈ ಖಂಡದವರು, ಔಷಧಿ ಮಾತ್ರ ಹೆಚ್ಚಾಗಿ ಹೊರಗಿಂದ್ಲೇ ಬರ್ಬೇಕು. ಜಾಂಬಿಯಾದಿಂದ ಬಂದ ಪ್ರೊಫೆಸರ್ ಕೆಲ್ಲಿ ಚಿಬಾಲೆ 2010ರಲ್ಲಿ ಇಲ್ಲೇ ಎಚ್‌3ಡಿ ಅಂತ ಔಷಧಿ ಹುಡುಕೋ ಸೆಂಟರ್ ಶುರು ಮಾಡಿದ್ರು, ಅವರ ತಂಡದ ಮಲೇರಿಯಾ ಮಾಲಿಕ್ಯೂಲ್ ಒಂದು ಮನುಷ್ಯರ ಮೇಲಿನ ಟ್ರಯಲ್‌ವರೆಗೂ ಹೋಯ್ತು. ಅದು ಸಣ್ಣ ವಿಷಯ ಅಲ್ಲ.

ನಮ್ಮ ಲ್ಯಾಬ್ ಮೀಟಿಂಗಲ್ಲೂ ಇದೇ ಧಾಟಿ, ಇಲ್ಲಿನ ಕೆಲಸ ಇಲ್ಲಿನವರ ಕೈಯಲ್ಲೇ ಇರ್ಬೇಕು ಅಂತ. ಹೊರದೇಶದವರ ಜೊತೆ ಪ್ರಾಜೆಕ್ಟ್ ಅಂದ ತಕ್ಷಣ ಯಾರಾದ್ರೂ ಕೇಳೇ ಕೇಳ್ತಾರೆ, ರಕ್ತದ ಸ್ಯಾಂಪಲ್ ಯಾರ್ದು, ಅದನ್ನ ಇಟ್ಕೊಳ್ಳೋದು ಎಲ್ಲಿ, ಪೇಪರಲ್ಲಿ ಮೊದಲ ಹೆಸರು ಯಾರ್ದು. ಇಷ್ಟು ಖಡಕ್ಕಾಗಿ ಇದನ್ನ ಕೇಳೋದು ನಾನು ನಮ್ಮ ಕಡೆ ನೋಡಿರ್ಲಿಲ್ಲ, ನಾವೂ ಕಲೀಬೇಕು.

ಕ್ಯಾಂಪಸ್ ಇರೋದು ಡೆವಿಲ್ಸ್ ಪೀಕ್ ಬುಡದಲ್ಲಿ, ಜಾಗ ಬ್ರಿಟಿಷ್ ವಸಾಹತು ಕಾಲದ ದೊಡ್ಡ ಆಳ್ವಿಕೆಗಾರ ಸೆಸಿಲ್ ರೋಡ್ಸ್ ಬಿಟ್ಟುಹೋದ ಆಸ್ತಿ. ಅವನ ಪ್ರತಿಮೆನ ಸ್ಟೂಡೆಂಟ್ಸ್ ಹೋರಾಟ ಮಾಡಿ 2015ರ ಏಪ್ರಿಲ್ 9ಕ್ಕೆ ತೆಗೆಸಿದ್ರು. ಘಟಿಕೋತ್ಸವ ನಡೆಯೋ ಹಾಲ್‌ಗೆ ಈಗ ಸಾರಾ ಬಾರ್ಟ್‌ಮನ್ ಹೆಸರು, ಯೂರೋಪಿಗೆ ಕರ್ಕೊಂಡು ಹೋಗಿ ಪ್ರದರ್ಶನಕ್ಕಿಟ್ಟ, ಇಲ್ಲಿನ ಮೂಲನಿವಾಸಿ ಖೋಯ್ ಜನಾಂಗದ ಹೆಣ್ಣುಮಗಳು.

ಹೊಟ್ಟೆ ಉರಿಯೋದು ನಮ್ಮ ಯೂನಿವರ್ಸಿಟಿಯ ಜ್ಯಾಗರ್ ಲೈಬ್ರರಿ ನೆನೆಸ್ಕೊಂಡ್ರೆ. 2021ರ ಏಪ್ರಿಲ್ 18, ಭಾನುವಾರ, ಬೆಟ್ಟದ ಬೆಂಕಿ ಇಳಿದು ಬಂದು ರೀಡಿಂಗ್ ರೂಮ್ ಪೂರ್ತಿ ಸುಟ್ಟುಹೋಯ್ತು, ಆಫ್ರಿಕಾ ಅಧ್ಯಯನದ ಸುಮಾರು 70 ಸಾವಿರ ಪುಸ್ತಕಗಳಲ್ಲಿ ಹೆಚ್ಚಿನವು ಬೂದಿ. ಬೆಂಕಿ ತಡೆಯೋ ಬಾಗಿಲು ತಾನೇ ಮುಚ್ಕೊಂಡಿದ್ರಿಂದ ಒಂದಷ್ಟು ಉಳೀತು, ಆದ್ರೆ ನೆಲಮಾಳಿಗೆಗೆ ನೀರು ನುಗ್ಗಿತ್ತು. ವಾಲಂಟಿಯರ್ಸ್ ಸಾಲಾಗಿ ನಿಂತು ಕ್ರೇಟು ಕೈಯಿಂದ ಕೈಗೆ ದಾಟಿಸಿ, ಒದ್ದೆ ಕಾಗದಕ್ಕೆ ಬೂಷ್ಟು ಹಿಡೀಬಾರ್ದು ಅಂತ ಫ್ರೀಜರ್ ಕಂಟೈನರಿಗೆ ಹಾಕಿ ಕಾಪಾಡಿದ್ರು.

ಬರೋ ಮನಸ್ಸಿರೋರು ಮೊದ್ಲು ಗೈಡ್ ಹುಡ್ಕಿ ಮೇಲ್ ಹಾಕಿ, ಇಲ್ಲಿ ಕ್ಲಾಸ್ ವರ್ಷ ಶುರುವಾಗೋದು ಫೆಬ್ರವರಿಗೆ, ಜೂನ್-ಜುಲೈನಲ್ಲಿ ಮಳೆ ಚಳಿ ಎರಡೂ ಒಟ್ಟಿಗೆ, ಸ್ವೆಟರ್ ತರ್ಲೇಬೇಕು.