ಮೂರಕ್ಷರದ ಪದ, ಮೂವತ್ತೇಳು ವಾಕ್ಯ

1995ರ ಜುಲೈ. ತೀರ್ಥಹಳ್ಳಿಯ ಮಳೆ ಹಂಚಿನ ಮೇಲೆ ಸುರಿಯತೊಡಗಿದರೆ ಮೇಷ್ಟ್ರ ದನಿ ಎರಡನೇ ಬೆಂಚು ದಾಟುತ್ತಿರಲಿಲ್ಲ. ಅಂಥ ದಿನ ನಮ್ಮ ಇಂಗ್ಲಿಷ್ ಮೇಷ್ಟ್ರು ಮಾತು ಬಿಟ್ಟು ಸೀಮೆಸುಣ್ಣ ಹಿಡಿಯುತ್ತಿದ್ದರು. ಅವತ್ತು ಬೋರ್ಡಿನ ಮೇಲೆ ಬರೆದದ್ದು ಮೂರೇ ಅಕ್ಷರ: ಆರ್, ಯು, ಎನ್. ಅರ್ಥ ಗೊತ್ತಿದ್ದವರು ಕೈ ಎತ್ತಿ ಎಂದು ಸನ್ನೆ ಮಾಡಿದರು. ಹತ್ತನೇ ತರಗತಿಯ ಅಷ್ಟೂ ಕೈ ಮೇಲೆದ್ದವು. ಐದನೇ ತರಗತಿಯಲ್ಲಿ ಎಬಿಸಿಡಿ ಶುರು ಮಾಡಿದ ನಮಗೂ ಗೊತ್ತಿದ್ದ ಪದ ಅದು. ರನ್ ಅಂದರೆ ಓಡು.

ಮೇಷ್ಟ್ರು ಅದರ ಕೆಳಗೆ ನಾಲ್ಕು ವಾಕ್ಯ ಬರೆದರು. ದ ತುಂಗಾ ರನ್ಸ್. ಮೈ ನೋಸ್ ರನ್ಸ್. ದ ಕಲರ್ ರನ್ಸ್. ಹಿ ರನ್ಸ್ ಎ ಶಾಪ್.

ಒಬ್ಬೊಬ್ಬರಾಗಿ ಎದ್ದು ಕನ್ನಡಕ್ಕೆ ತಿರುಗಿಸಿದೆವು. ತುಂಗೆ ಓಡುವುದಿಲ್ಲ, ಹರಿಯುತ್ತಾಳೆ. ಮೂಗು ಸೋರುತ್ತದೆ. ತೊಳೆದ ಬಟ್ಟೆ ಬಣ್ಣ ಬಿಡುತ್ತದೆ. ಅಂಗಡಿಯನ್ನು ನಡೆಸುತ್ತಾರೆ. ನಾಲ್ಕು ವಾಕ್ಯಕ್ಕೆ ನಾಲ್ಕು ಕ್ರಿಯಾಪದ ಬಂದವು, ಓಡು ಮಾತ್ರ ಒಂದರಲ್ಲೂ ಇರಲಿಲ್ಲ. ಮಳೆ ಸ್ವಲ್ಪ ತಗ್ಗಿದಾಗ ಮೇಷ್ಟ್ರು ಹೇಳಿದರು: "ಒಂಟಿ ಪದಕ್ಕೆ ಅರ್ಥ ಕೇಳಬೇಡಿ. ಅದರ ಅಕ್ಕಪಕ್ಕ ಯಾರು ಕೂತಿದ್ದಾರೆ ನೋಡಿ."

ಅಂದಿನಿಂದ ದಿನಕ್ಕೊಂದು ವಾಕ್ಯ ತರುವುದು ನಮ್ಮ ಕೆಲಸವಾಯಿತು. ಡಬ್ಬದಲ್ಲಿ ಅಕ್ಕಿ ತೀರಿದರೆ ರನ್ ಔಟ್, ಸಂತೆಯಲ್ಲಿ ಹಳೇ ಸ್ನೇಹಿತ ಎದುರಾದರೆ ರನ್ ಇಂಟು. ಅಮೆರಿಕದಲ್ಲಿ ಚುನಾವಣೆಗೆ 'ಓಡುತ್ತಾರೆ', ಇಂಗ್ಲೆಂಡಿನಲ್ಲಿ 'ನಿಲ್ಲುತ್ತಾರೆ', ನಾವೂ ನಿಲ್ಲುವವರೇ. ವರ್ಷವಿಡೀ ತರಗತಿಯಲ್ಲಿ ಬಾಯಿ ಬಿಡದಿದ್ದ ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದು ನಿಂತು, "ಸಾರ್, ಕ್ರಿಕೆಟ್ಟಲ್ಲಿ ಹೊಡೆಯೋದೂ ರನ್ನೇ ಅಲ್ವಾ?" ಎಂದ. ಇಲ್ಲಿ ಅದು ನಾಮಪದವಾಯಿತು ಎಂದು ಹೇಳಿ ಮೇಷ್ಟ್ರು ಅವನ ವಾಕ್ಯವನ್ನು ಬೋರ್ಡಿನ ನಡುವೆ ಬರೆದು ಕೆಳಗೆ ಎರಡು ಗೆರೆ ಎಳೆದರು. ಅವನ ಮುಖ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಇಂಗ್ಲಿಷ್ ಹೀಗೇಕೆ ಕಾಡುತ್ತದೆ ಎಂದು ನಾವು ಗೊಣಗುತ್ತಿದ್ದಾಗಲೇ ಹೊರಗೆ ಪ್ಯೂನ್ ತೂಗುಹಾಕಿದ ಕಂಬಿಗೆ ಬಡಿದ. "ಈಗ ಏನಾಯ್ತು?" ಎಂದರು ಮೇಷ್ಟ್ರು. "ಗಂಟೆ ಹೊಡೀತು ಸಾರ್." "ಯಾರಿಗೆ ಹೊಡೀತು?" ತರಗತಿ ಗಪ್‌ಚಿಪ್. ಅವರೇ ಮುಂದುವರಿಸಿದರು: ಗೋಡೆಗೆ ಸುಣ್ಣ ಹೊಡೆಯುತ್ತೀರಿ, ಅಡಿಕೆಗೆ ಔಷಧಿ ಹೊಡೆಯುತ್ತೀರಿ, ಗಾಡಿ ಹೊಡೆಯುತ್ತೀರಿ, ಕಟ್ಟೆ ಮೇಲೆ ಹರಟೆ ಹೊಡೆಯುತ್ತೀರಿ, ಪರೀಕ್ಷೆಯಲ್ಲಿ ಕಾಪಿ ಹೊಡೆಯುತ್ತೀರಿ, ಮಧ್ಯಾಹ್ನ ನಿದ್ದೆ ಹೊಡೆಯುತ್ತೀರಿ. ಇದನ್ನೆಲ್ಲ ಯಾವ ನಿಘಂಟು ನೋಡಿ ಕಲಿತಿರಿ? ನನ್ನೊಳಗಿನ ಇಂಗ್ಲಿಷಿನ ಭಯ ಬಿಟ್ಟದ್ದು ಆ ಗಳಿಗೆಯಲ್ಲಿ. ಅಷ್ಟು ಕಷ್ಟದ ಕೆಲಸವನ್ನು ನಮ್ಮ ನಾಲಿಗೆ ಹುಟ್ಟಿನಿಂದ ಮಾಡಿಕೊಂಡೇ ಬಂದಿತ್ತು.

ಮೇಷ್ಟ್ರು ಆರಿಸಿದ್ದು ಎಂಥ ಪದ ಎಂದು ತಿಳಿದದ್ದು ಬಹಳ ವರ್ಷಗಳ ಮೇಲೆ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಆವೃತ್ತಿಯಲ್ಲಿ ಅತಿ ಉದ್ದದ ನಮೂದು 'ಸೆಟ್' ಎಂಬ ಪದದ್ದು. ಕ್ರಿಯಾಪದವಾಗಿಯೇ ಅದಕ್ಕೆ ಸುಮಾರು 430 ಅರ್ಥ. ಮುಂದೆ ಪರಿಷ್ಕರಣೆ ನಡೆದಾಗ 'ರನ್' ಅದನ್ನು ಹಿಂದೆ ಹಾಕಿತು. ಕ್ರಿಯಾಪದವೊಂದಕ್ಕೇ 645 ಅರ್ಥ. ಆ ಒಂದು ಪದವನ್ನು ಬಿಡಿಸಿಡಲು ನಿಘಂಟುಕಾರ ಪೀಟರ್ ಗಿಲಿವರ್ ಅವರಿಗೆ ಒಂಬತ್ತು ತಿಂಗಳು ಹಿಡಿಯಿತಂತೆ. 2011ರಲ್ಲಿ ಆ ಸುದ್ದಿ ಓದಿದಾಗ ನಾನು ಮೊದಲು ನೆನೆದದ್ದು ಮೇಷ್ಟ್ರನ್ನು. ಇನ್ನೊಂದು ಸಂಗತಿಯಂತೂ ಅವರಿಗೆ ತುಂಬ ಹಿಡಿಸುತ್ತಿತ್ತು: ಇದೇ ಬೇರಿನಿಂದ ಬಂದ ಜರ್ಮನ್ ಪದ 'ರಿನ್ನೆನ್' ಎಂದರೆ ಹರಿ ಎಂದೇ ಅರ್ಥ. ಹಳೆಯ ಇಂಗ್ಲಿಷಿನಲ್ಲೂ ಈ ಪದ ಕಾಲಿಗೆಷ್ಟೋ ನೀರಿಗೂ ಅಷ್ಟೇ ಸಲ್ಲುತ್ತಿತ್ತು. ಅವರ ಮೊದಲ ವಾಕ್ಯವೇ ತುಂಗೆಯದು.

ಈಗ ನಾನು ಬೆಂಗಳೂರಿನಲ್ಲಿ ಮೊಬೈಲ್ ಆ್ಯಪ್‌ಗಳ ಪದಗಳನ್ನು ಕನ್ನಡಕ್ಕೆ ತರುವ ಕೆಲಸ ಮಾಡುತ್ತೇನೆ. ಪದಗಳು ಹಿಂದುಮುಂದಿಲ್ಲದೆ ಪಟ್ಟಿಯಾಗಿ ಬರುತ್ತವೆ. ತೆರೆ, ಮುಚ್ಚು, ಉಳಿಸು, ಹೀಗೆ. ಕಂಪ್ಯೂಟರಿನ ರನ್‌ಗೆ 'ಚಲಾಯಿಸಿ' ಎಂದು ಬರೆಯುವುದು ರೂಢಿ. ನನ್ನ ಹಳೇ ನೋಟ್‌ಬುಕ್ಕಿನ ಮೂವತ್ತೇಳು ವಾಕ್ಯಗಳಲ್ಲಿ ಈ ಅರ್ಥ ಇಲ್ಲ, ನಮ್ಮ ಶಾಲೆಗೆ ಆಗಿನ್ನೂ ಕಂಪ್ಯೂಟರ್ ಬಂದಿರಲಿಲ್ಲ.

ಕಳೆದ ತಿಂಗಳು ಒಂದು ಪಟ್ಟಿಯಲ್ಲಿ ಮತ್ತೆ ಅದೇ ಮೂರಕ್ಷರ, ಒಂಟಿಯಾಗಿ. 'ಚಲಾಯಿಸಿ' ಎಂದು ಬರೆದು ಮುಂದೆ ಹೋಗಬಹುದಿತ್ತು. ಬೆರಳು ನಿಂತಿತು. ಇದರ ಅಕ್ಕಪಕ್ಕ ಏನಿದೆ, ದಯವಿಟ್ಟು ಪರದೆಯ ಚಿತ್ರ ಕಳಿಸಿ ಎಂದು ಕೇಳಿದೆ. ಸಂಜೆ ಚಿತ್ರ ಬಂತು. ಎಡಗಡೆ ಆಟಗಾರರ ಹೆಸರು, ಬಲಗಡೆ ಎಸೆತ, ನಡುವೆ ಆ ಪದ. ಹಿಂದಿನ ಬೆಂಚಿನ ಹುಡುಗನ ವಾಕ್ಯ. ಕನ್ನಡದಲ್ಲಿ 'ರನ್' ಎಂದೇ ಬರೆದು ಕಳಿಸಿದೆ.