ಬೆಳ್ಳಿ ಗಂಟೆ ಹತ್ತಿರ ಸಿಗೋಣ

ಅಮ್ಮ ಸೂಟ್‌ಕೇಸ್ ಮೇಲೆ ಕೂತಿದ್ದಳು. ಪಕ್ಕದಲ್ಲಿ ಅಪ್ಪ ಇರಲಿಲ್ಲ.

"ಅಪ್ಪ ಎಲ್ಲಮ್ಮಾ?" ಅಂದೆ.

"ನಿನ್ನನ್ನ ಹುಡುಕೋಕೆ ಹೋಗಿದ್ದಾರೆ" ಅಂದಳು. ಸಂತೆಗೆ ಹೋಗಿದ್ದಾರೆ, ಬರ್ತಾರೆ ಅನ್ನುವ ಧಾಟಿಯಲ್ಲಿ.

ಇದು 2023ರ ಏಪ್ರಿಲ್ ಮಾತು. ಜಾಗ ಟೋಕಿಯೋ ಸ್ಟೇಷನ್. ಒಸಾಕಾದಲ್ಲಿರುವ ಚಿಕ್ಕಪ್ಪನ ಮಗಳು ಅಪ್ಪ ಅಮ್ಮನನ್ನು ಶಿನ್-ಒಸಾಕಾ ಸ್ಟೇಷನ್ನಿನಲ್ಲಿ ಶಿಂಕಾನ್ಸೆನ್, ಅಂದರೆ ಬುಲೆಟ್ ರೈಲು ಹತ್ತಿಸಿದ್ದಳು. ಎರಡೂವರೆ ಗಂಟೆ ದಾರಿ. ಇಳಿದ ಮೇಲೆ ನನ್ನ ಕೈಗೆ ಸಿಗಬೇಕು, ಅಷ್ಟೇ ಕೆಲಸ. ನಾನು ಆಗಲೇ ಏಳು ವರ್ಷದಿಂದ ಟೋಕಿಯೋದಲ್ಲಿದ್ದವನು. ಎಲ್ಲಿ ಸಿಗಬೇಕು ಅಂತ ಹೇಳಿಕೊಡುವಷ್ಟು ತಿಳಿದಿದೆ ಅನ್ನುವ ಧೈರ್ಯ ಇತ್ತು. ಆ ಧೈರ್ಯ ಎಲ್ಲಿಂದ ಬಂತು ಅಂತ ಹೇಳಬೇಕಾದರೆ ಟೋಕಿಯೋದ ಇನ್ನೊಂದು ಸ್ಟೇಷನ್ ಶಿಂಜುಕುವಿನ ಕಥೆಯಿಂದ ಶುರು ಮಾಡಬೇಕು.

2016ರಲ್ಲಿ ಇಲ್ಲಿಗೆ ಬಂದ ಮೊದಲ ತಿಂಗಳು. ಹುಬ್ಬಳ್ಳಿಯ ಗೆಳೆಯನೊಬ್ಬ ಫೋನ್ ಮಾಡಿ "ಶಿಂಜುಕು ಈಸ್ಟ್ ಎಕ್ಸಿಟ್‌ಗೆ ಬಾರಲೇ, ಅಲ್ಲೇ ನಿಂತಿರ್ತೇನಿ" ಅಂದ. ಹೋದೆ. ಈಸ್ಟ್ ಅಂತ ಬರೆದಿದ್ದ ಕಡೆಗೇ ಹೋಗಿ ನಿಂತೆ. ಅವನೂ ಈಸ್ಟ್ ಅಂತ ಬರೆದಿದ್ದ ಕಡೆಗೇ ನಿಂತಿದ್ದ. ಇಬ್ಬರೂ ಅರ್ಧ ಗಂಟೆ ಒಬ್ಬರನ್ನೊಬ್ಬರು ಬೈದುಕೊಂಡೆವು. ಆಮೇಲೆ ಗೊತ್ತಾಯಿತು, ಶಿಂಜುಕುವಿನಲ್ಲಿ ಪೂರ್ವ ಅಂದರೆ ಒಂದಲ್ಲ. ಈಸ್ಟ್ ಇದೆ, ಸೆಂಟ್ರಲ್ ಈಸ್ಟ್ ಇದೆ, ಸೌತ್ ಈಸ್ಟೂ ಇದೆ. ನಮ್ಮಲ್ಲಿ ಅಷ್ಟದಿಕ್ಕು ಅಂತೀವಲ್ಲ, ಇಲ್ಲಿ ಅದೂ ಸಾಲುವುದಿಲ್ಲ.

ಶಿಂಜುಕು ಲೆಕ್ಕ ಕೇಳಿದರೆ ನಗು ಬರುತ್ತದೆ. ಕೊರೋನಾಕ್ಕೆ ಮೊದಲು ದಿನಕ್ಕೆ ಸುಮಾರು 35 ಲಕ್ಷ ಜನ ಓಡಾಡುತ್ತಿದ್ದರು. ಜಗತ್ತಿನ ಅತಿ ಜನನಿಬಿಡ ಸ್ಟೇಷನ್ ಅಂತ ಗಿನ್ನೆಸ್ ದಾಖಲೆ. ಐದು ಬೇರೆ ಬೇರೆ ಸಂಸ್ಥೆಗಳ ರೈಲು ಒಂದೇ ಕಡೆ ಬಂದು ಸೇರುತ್ತವೆ. ಒಂದೊಂದಕ್ಕೂ ಅದರದೇ ಗೇಟು. ನೆಲದ ಕೆಳಗಿನ ದಾರಿಗಳನ್ನೂ ಸೇರಿಸಿದರೆ ಹೊರಗೆ ಬರುವ ಬಾಗಿಲು 200ಕ್ಕಿಂತ ಜಾಸ್ತಿ. ನಾನು ಬಂದ ಹೊಸತರಲ್ಲಿ ಇನ್ನೊಂದು ತಮಾಷೆ ಇತ್ತು. ಟಿಕೆಟ್ ಇಲ್ಲದೆ ಪೂರ್ವದಿಂದ ಪಶ್ಚಿಮಕ್ಕೆ ಸ್ಟೇಷನ್ ನಡುವಿನಿಂದ ನೇರವಾಗಿ ದಾಟುವ ಹಾಗಿರಲಿಲ್ಲ, ಸುತ್ತು ಹಾಕಿಕೊಂಡೇ ಹೋಗಬೇಕಿತ್ತು. ಗೇಟಿನ ಹೊರಗಿಂದಲೇ ದಾಟುವ ದಾರಿ ತೆರೆದದ್ದು 2020ರ ಜುಲೈಯಲ್ಲಿ.

ಹಾಗಂತ ನಮ್ಮೂರು ಕಮ್ಮಿಯೇನಲ್ಲ. "ಮೆಜೆಸ್ಟಿಕ್‌ನಲ್ಲಿ ಸಿಗೋಣ" ಅಂದರೆ ಯಾವ ಮೆಜೆಸ್ಟಿಕ್? ಬಸ್ ಸ್ಟ್ಯಾಂಡಾ, ರೈಲ್ವೆ ಸ್ಟೇಷನ್ನಾ, ಮೆಟ್ರೋನಾ? ಆದರೆ ಅಲ್ಲಿ ಕಡ್ಲೆಕಾಯಿ ಮಾರುವವನನ್ನಾದರೂ ಕನ್ನಡದಲ್ಲಿ ಕೇಳಬಹುದು.

ಫೋನ್ ಇದೆಯಲ್ಲ, ಲೊಕೇಶನ್ ಕಳಿಸಿದರಾಯಿತು ಅಂತ ಊರಲ್ಲಿರುವವರು ಕೇಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಮ್ಯಾಪಿನ ನೀಲಿ ಚುಕ್ಕೆಗೆ ಮಹಡಿ ಗೊತ್ತಾಗುವುದಿಲ್ಲ. ನಿಮ್ಮ ಚುಕ್ಕೆ, ಗೆಳೆಯನ ಚುಕ್ಕೆ ಎರಡೂ ಒಂದರ ಮೇಲೊಂದು ಕೂತಿರುತ್ತವೆ. ನೀವು ರಸ್ತೆಯಲ್ಲಿ, ಅವನು ಎರಡು ಮಹಡಿ ಕೆಳಗೆ. "ನಾನು ನಿನ್ನ ತಲೆ ಮೇಲೇ ನಿಂತಿದೀನಿ ಕಣೋ" ಅಂತ ನಾನು ಒಮ್ಮೆ ನಿಜವಾಗಿಯೂ ಕಿರುಚಿದ್ದೇನೆ.

ಫೋನ್ ಬರುವ ಮೊದಲು ಇಲ್ಲಿನ ಸ್ಟೇಷನ್‌ಗಳಲ್ಲಿ ಕರಿಹಲಗೆ ಇರುತ್ತಿತ್ತಂತೆ. ಜೊತೆಗೆ ಚಾಕ್‌ಪೀಸು. "ಕಾದು ಸಾಕಾಯಿತು, ಮನೆಗೆ ಹೋಗ್ತಿದೀನಿ" ಅಂತ ಬರೆದಿಟ್ಟು ಹೋಗಬಹುದಿತ್ತು. ಕೆಲವು ಗಂಟೆ ಆದ ಮೇಲೆ ಸಿಬ್ಬಂದಿ ಅಳಿಸಿಬಿಡುತ್ತಿದ್ದರು. ನಮ್ಮ ಆಫೀಸಿನ ಹಿರಿಯರೊಬ್ಬರು ಅದನ್ನು ನೆನೆಸಿಕೊಂಡು ಈಗಲೂ ನಿಟ್ಟುಸಿರು ಬಿಡುತ್ತಾರೆ. ಮೊಬೈಲ್ ಬಂತು, ಹಲಗೆ ಹೋಯಿತು.

ಅಲ್ಲಿಂದ ನನ್ನ ಹುಡುಕಾಟ ಶುರುವಾಯಿತು. ಇಲ್ಲಿಯವರು ಎಲ್ಲಿ ಸಿಗುತ್ತಾರೆ ಅಂತ ನೋಡುತ್ತಾ ಹೋದೆ. ಜಪಾನಿನವರಿಗೆ ಇದು ಚಿಲ್ಲರೆ ವಿಷಯವಲ್ಲ. ಹೀಗೆ ಗೊತ್ತುಮಾಡಿಕೊಂಡು ಸಿಗುವುದಕ್ಕೆ "ಮಾಚಿಯಾವಾಸೆ" ಅಂತ ಒಂದು ಪದವೇ ಇದೆ. ಒಂದೊಂದು ದೊಡ್ಡ ಸ್ಟೇಷನ್ನಿಗೂ ಒಂದೊಂದು ಗುರುತು. ಇಕೆಬುಕುರೋದಲ್ಲಿ ಕಲ್ಲಿನ ಗೂಬೆ. ಜಪಾನಿ ಭಾಷೆಯಲ್ಲಿ ಗೂಬೆಗೆ ಫುಕುರೋ ಅಂತಾರೆ, ಅದಕ್ಕೇ ಅದರ ಹೆಸರು ಇಕೆಫುಕುರೋ. ಗೂಬೆ ಕಂಡರೆ ನಮ್ಮಲ್ಲಿ ಮುಖ ತಿರುಗಿಸುತ್ತಾರೆ, ಇಲ್ಲಿ ಅದರ ಮುಂದೆ ಹುಡುಗ ಹುಡುಗಿ ಕಾಯುತ್ತಾರೆ. ಅದೇ ಸ್ಟೇಷನ್ನಿನಲ್ಲಿ ಪೂರ್ವದ ಬಾಗಿಲಿಗೆ ಹೊಂದಿಕೊಂಡಿರುವುದು ಸೇಯಿಬು ಅನ್ನುವ ರೈಲು ಕಂಪನಿ, ಪಶ್ಚಿಮದ ಬಾಗಿಲಿಗೆ ತೋಬು ಅನ್ನುವ ಇನ್ನೊಂದು ಕಂಪನಿ. ಸೇಯಿಬುವಿನ "ಸೇಯಿ" ಅಂದರೆ ಪಶ್ಚಿಮ, ತೋಬುವಿನ "ತೋ" ಅಂದರೆ ಪೂರ್ವ. ಇದನ್ನು ನಾನು ಕಟ್ಟಿ ಹೇಳುತ್ತಿಲ್ಲ.

ಶಿಬುಯಾದಲ್ಲಿ ಹಾಚಿಕೋ. ಈ ನಾಯಿಯ ಕಥೆ ಊರಲ್ಲೂ ಬಹಳ ಜನಕ್ಕೆ ಗೊತ್ತು. ಯಜಮಾನರು ಉಎನೋ ಅಂತ, ಟೋಕಿಯೋ ವಿಶ್ವವಿದ್ಯಾಲಯದಲ್ಲಿ ಕೃಷಿ ಪ್ರೊಫೆಸರ್. 1925ರ ಮೇ ತಿಂಗಳಲ್ಲಿ ತೀರಿಕೊಂಡರು. ನಾಯಿ 1935ರ ಮಾರ್ಚ್‌ನಲ್ಲಿ ತಾನು ಸಾಯುವ ತನಕ ಅವರಿಗಾಗಿ ಶಿಬುಯಾ ಸ್ಟೇಷನ್ನಿಗೆ ಬಂದು ಕಾಯುತ್ತಿತ್ತು. ಕಂಚಿನ ಪ್ರತಿಮೆ ನಿಲ್ಲಿಸಿದ್ದು 1934ರಲ್ಲಿ. ಆಗ ಹಾಚಿ ಇನ್ನೂ ಬದುಕಿತ್ತು, ತನ್ನದೇ ಪ್ರತಿಮೆಯ ಸಮಾರಂಭಕ್ಕೆ ಬಂದಿತ್ತು. ಯುದ್ಧದಲ್ಲಿ ಲೋಹ ಬೇಕು ಅಂತ ಆ ಪ್ರತಿಮೆಯನ್ನು ಕರಗಿಸಿಬಿಟ್ಟರು. ಈಗಿರುವುದು 1948ರದ್ದು, ಮೊದಲ ಶಿಲ್ಪಿಯ ಮಗ ಮಾಡಿದ್ದು.

ಕಥೆ ಚೆನ್ನಾಗಿದೆ. ಆದರೆ ಯಾರನ್ನಾದರೂ ಭೇಟಿಯಾಗುವುದಕ್ಕೆ ಅದಕ್ಕಿಂತ ಕೆಟ್ಟ ಜಾಗ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಎಲ್ಲರಿಗೂ ಗೊತ್ತು ಅನ್ನುವುದೇ ಅದರ ತೊಂದರೆ. ಶನಿವಾರ ಸಂಜೆ ಹೋಗಿ ನೋಡಿ. ಫೋಟೋಕ್ಕೆ ಕ್ಯೂ, ಕ್ಯೂ ಸುತ್ತ ಇನ್ನೂರು ಜನ, ಎಲ್ಲರೂ ಫೋನಿನಲ್ಲಿ "ನಾನು ಹಾಚಿಕೋ ಹತ್ತಿರಾನೇ ಇದೀನಿ" ಅನ್ನುತ್ತಿರುತ್ತಾರೆ. ನಾಯಿ ಸಿಗುತ್ತದೆ, ಗೆಳೆಯ ಸಿಗುವುದಿಲ್ಲ.

ಚಿಕ್ಕವನಿದ್ದಾಗ ಜಾತ್ರೆಯಲ್ಲಿ ಅಜ್ಜಿ "ತಪ್ಪಿಸಿಕೊಂಡ್ರೆ ತೇರಿನ ಹತ್ತಿರ ನಿಂತಿರು" ಅನ್ನುತ್ತಿದ್ದಳು. ಪಾಪ, ತೇರು ಎಳೆಯೋಕೆ ಶುರುವಾದರೆ ಏನು ಮಾಡಬೇಕು ಅಂತ ಹೇಳಿರಲಿಲ್ಲ. ನಾನು ತೇರಿನ ಜೊತೆಗೇ ಊರು ಸುತ್ತಿದ್ದೆ. ಟೋಕಿಯೋದಲ್ಲಿ ತೇರು ಹೊರಡುವುದಿಲ್ಲ, ಮುಚ್ಚಿಹೋಗುತ್ತದೆ. ಶಿಂಜುಕು ಪೂರ್ವ ಬಾಗಿಲಿನ ಎದುರಿಗೆ ದೊಡ್ಡ ಪರದೆ ಇದ್ದ ಆಲ್ಟಾ ಕಟ್ಟಡ 1980ರಿಂದ ಇತ್ತು. "ಆಲ್ಟಾ ಮುಂದೆ" ಅಂದರೆ ಸಾಕಿತ್ತು, ಎಲ್ಲರೂ ಬಂದು ಸೇರುತ್ತಿದ್ದರು. 2025ರ ಫೆಬ್ರವರಿ ಕೊನೆಗೆ ಅದನ್ನು ಮುಚ್ಚಿದರು. ಈಗ ಅಲ್ಲಿ ಜನ ಏನು ಹೇಳಿಕೊಂಡು ಸಿಗುತ್ತಾರೋ.

ಇಷ್ಟೆಲ್ಲ ತಿಳಿದುಕೊಂಡ ಮೇಲೆ ಅಪ್ಪ ಅಮ್ಮನಿಗೆ ನಾನು ಆರಿಸಿದ್ದು ಟೋಕಿಯೋ ಸ್ಟೇಷನ್ನಿನ "ಗಿನ್ ನೋ ಸುಝು". ಹಾಗಂದರೆ ಬೆಳ್ಳಿ ಗಂಟೆ. 1968ರಿಂದ ಅಲ್ಲಿ ಒಂದಲ್ಲ ಒಂದು ಗಂಟೆ ಇದೆ. ದೊಡ್ಡ ಸ್ಟೇಷನ್ನಿನಲ್ಲಿ ಜನ ಒಬ್ಬರಿಗೊಬ್ಬರು ಸಿಗದೆ ಒದ್ದಾಡಬಾರದು ಅಂತಲೇ ಇಟ್ಟದ್ದು. ಈಗಿರುವುದು ನಾಲ್ಕನೆಯದು, ಗಾಜಿನ ಪೆಟ್ಟಿಗೆಯಲ್ಲಿದೆ. ಸುತ್ತ ಕೂರೋಕೆ ಜಾಗ, ಬೆಳಕು, ಹತ್ತಿರದಲ್ಲೇ ತಿಂಡಿ ಅಂಗಡಿ, ಟಾಯ್ಲೆಟ್. ಅಮ್ಮನಿಗೆ ಹೇಳಿ ಮಾಡಿಸಿದ ಹಾಗಿದೆ ಅಂದುಕೊಂಡೆ. ಫೋಟೋ ಕಳಿಸಿದೆ. "ದೇವಸ್ಥಾನದ ಗಂಟೆ ಥರಾನೇ ಇದೆ, ಗುರುತು ಸಿಗುತ್ತೆ ಬಿಡು" ಅಂದರು ಅಪ್ಪ.

ಒಂದು ಮಾತು ಹೇಳುವುದನ್ನು ಮರೆತಿದ್ದೆ. ಗಂಟೆ ಇರುವುದು ಗೇಟಿನ ಒಳಗೆ.

ಇಲ್ಲಿ ಈ ಒಳಗೆ, ಹೊರಗೆ ಅನ್ನುವುದೇ ಎಲ್ಲಕ್ಕಿಂತ ಮುಖ್ಯ. ನಮ್ಮ ಊರುಗಳ ಸ್ಟೇಷನ್ನಿನಲ್ಲಿ ಪ್ಲಾಟ್‌ಫಾರ್ಮಿಂದ ಹೊರಗೆ ಬಂದವರು ಮರೆತ ಛತ್ರಿ ತರೋಕೆ ಮತ್ತೆ ಒಳಗೆ ಓಡಬಹುದು. ಇಲ್ಲಿ ಗೇಟು ನಿಮ್ಮ ಟಿಕೆಟ್ ನುಂಗಿಕೊಂಡರೆ ಮುಗಿಯಿತು. ಮತ್ತೆ ಒಳಗೆ ಹೋಗಬೇಕಾದರೆ ಪ್ರವೇಶ ಟಿಕೆಟ್ ತೆಗೆದುಕೊಳ್ಳಬೇಕು. ಆಗ ಸುಮಾರು 150 ಯೆನ್ ಇತ್ತು, ಎರಡು ಗಂಟೆ ಒಳಗಿರಬಹುದು. ದುಡ್ಡು ದೊಡ್ಡದಲ್ಲ. ಹಾಗೊಂದು ಟಿಕೆಟ್ ಇದೆ ಅಂತ ಗೊತ್ತಿರಬೇಕಲ್ಲ?

ಇನ್ನೂ ಒಂದು ಗಂಟು. ಒಸಾಕಾ ಕಡೆಯಿಂದ ಬಂದ ಶಿಂಕಾನ್ಸೆನ್ ಇಳಿದರೆ ಎರಡು ಥರದ ಗೇಟು ಎದುರಾಗುತ್ತವೆ. ಒಂದರಲ್ಲಿ ಹೋದರೆ ಬೇರೆ ರೈಲುಗಳಿಗೆ ಹೋಗುವ ಒಳಭಾಗ ಸಿಗುತ್ತದೆ, ಗಂಟೆ ಇರುವುದು ಅಲ್ಲಿ. ಇನ್ನೊಂದರಲ್ಲಿ ಹೋದರೆ ನೇರ ಯಾಎಸು ಬದಿಗೆ, ಅಂದರೆ ಊರೊಳಗೆ. ಹೊಸಬರು ಏನು ಮಾಡುತ್ತಾರೆ? ಜನ ಹೋಗುವ ಕಡೆ ಹೋಗುತ್ತಾರೆ, "ಎಕ್ಸಿಟ್" ಅಂತ ಬರೆದಿದ್ದ ಕಡೆ ಹೋಗುತ್ತಾರೆ. ಅಪ್ಪ ಅಮ್ಮ ಹೊರಗೆ ಬಂದರು. ನಾನು ಲೋಕಲ್ ರೈಲಿನಲ್ಲಿ ಬಂದು, ಒಳಗೇ ಉಳಿದು, ಗಂಟೆ ಮುಂದೆ ಬಾಳೆಹಣ್ಣಿನ ಆಕಾರದ ಕೇಕ್ ಡಬ್ಬಿ ಹಿಡಿದುಕೊಂಡು ನಿಂತಿದ್ದೆ. ಅವರ ಫೋನಿನಲ್ಲಿ ಸಿಮ್ ಇರಲಿಲ್ಲ. ವೈಫೈ ಸಿಕ್ಕಾಗ ಮಾತ್ರ ವಾಟ್ಸಾಪ್.

ನಲವತ್ತು ನಿಮಿಷ ಕಾದೆ. ಆಮೇಲೆ ಅಮ್ಮನ ತಲೆಯಲ್ಲಿ ಕೂತು ಯೋಚನೆ ಮಾಡಿದೆ, ಹೊರಗೆ ಬಂದೆ, ಸಿಕ್ಕಳು. ಗೇಟಿನಿಂದ ಹತ್ತು ಹೆಜ್ಜೆ ದೂರದಲ್ಲೇ ಇದ್ದಳು. "ದಾರಿ ತಪ್ಪಿದ್ರೆ ಇದ್ದಲ್ಲೇ ಇರಬೇಕು. ಇಬ್ಬರೂ ಹುಡುಕೋಕೆ ಹೊರಟ್ರೆ ಇಬ್ಬರೂ ಸಿಗಲ್ಲ" ಅಂದಳು. ಇದನ್ನು ಅಪ್ಪನಿಗೂ ಹೇಳಿದ್ದಳಂತೆ. ಅವರು ಕೇಳಿಲ್ಲ.

ಅಪ್ಪ ಇನ್ನೂ ಇಪ್ಪತ್ತು ನಿಮಿಷ ಬಿಟ್ಟು ಬಂದರು, ಬೆವರು ಒರೆಸಿಕೊಳ್ಳುತ್ತಾ. ಸಿಕ್ಕಸಿಕ್ಕವರಿಗೆಲ್ಲ "ಸಿಲ್ವರ್ ಬೆಲ್" ಅಂತ ಫೋಟೋ ತೋರಿಸಿದ್ದಾರೆ. ಎಲ್ಲರೂ ಬಗ್ಗಿ ನಮಸ್ಕಾರ ಮಾಡಿ ಗೇಟಿನ ಒಳಗೆ ಬೆರಳು ತೋರಿಸಿದ್ದಾರೆ. ಹಿಂದಿನ ಬದಿಯ ಕೆಂಪು ಇಟ್ಟಿಗೆ ಕಟ್ಟಡದ ತನಕ ಹೋಗಿ ಬಂದಿದ್ದರು. "1914ರದ್ದಂತೆ ಕಣೋ, ಎಷ್ಟು ಚೆನ್ನಾಗಿ ಇಟ್ಟುಕೊಂಡಿದ್ದಾರೆ!" ಮಗ ಕಳೆದುಹೋಗಿದ್ದಾನೆ, ಇವರು ಕಟ್ಟಡ ನೋಡಿಕೊಂಡು ಬಂದಿದ್ದಾರೆ.

ಆಮೇಲೆ ಬೈಗುಳ ಶುರುವಾಯಿತು. ಅಪ್ಪ ಬೆಳೆದದ್ದು ಅರಸೀಕೆರೆಯಲ್ಲಿ. ಜಂಕ್ಷನ್ ಊರಿನವರು, ರೈಲಿನ ವಿಷಯದಲ್ಲಿ ಅವರಿಗೆ ಯಾರೂ ಪಾಠ ಹೇಳುವ ಹಾಗಿಲ್ಲ. "ನಮ್ಮ ಕಾಲದಲ್ಲಿ ಕಾಗದ ಬರೀತಿದ್ವಿ. ಇಂಜಿನ್ನಿಂದ ಮೂರನೇ ಬೋಗಿ, ಎದುರಿಗೆ ನಿಂತಿರು. ಅಷ್ಟೇ. ನಾನು ನಿನಗೆ ಟಿಕೆಟ್ ಫೋಟೋ ಕಳಿಸಿರಲಿಲ್ವಾ? ಬೋಗಿ ನಂಬರ್ ಇರಲಿಲ್ವಾ ಅದರಲ್ಲಿ? ಗಂಟೆ ಯಾಕೆ ಬೇಕಿತ್ತು ನಿನಗೆ?"

ಉತ್ತರ ಇರಲಿಲ್ಲ. ಶಿಂಕಾನ್ಸೆನ್ ಪ್ಲಾಟ್‌ಫಾರ್ಮಿಗೂ ಪ್ರವೇಶ ಟಿಕೆಟ್ ಸಿಗುತ್ತದೆ. 16 ಬೋಗಿ, ಸುಮಾರು 400 ಮೀಟರ್ ಉದ್ದದ ಗಾಡಿ. ಆದರೂ ಯಾವ ಬೋಗಿ ಎಲ್ಲಿ ನಿಲ್ಲುತ್ತದೆ ಅಂತ ಮೊದಲೇ ಗುರುತು ಹಾಕಿರುತ್ತಾರೆ, ಗಾಡಿ ಅಲ್ಲೇ ನಿಲ್ಲುತ್ತದೆ. ಇದೆಲ್ಲ ನನಗೆ ಗೊತ್ತಿತ್ತು. ಆದರೆ ನಾನು ಹುಡುಕಿದ್ದು ನನಗೆ ಗುರುತು ಸಿಗುವ ಜಾಗ. ಇಳಿಯುವವರ ಕಾಲು ಯಾವ ಕಡೆ ಹೋಗುತ್ತದೆ ಅಂತ ನೋಡಲೇ ಇಲ್ಲ.

ಈಗ ಊರಿಂದ ಯಾರೇ ಬಂದರೂ ನನ್ನ ಪದ್ಧತಿ ಬೇರೆ. ರೈಲಿನಲ್ಲಿ ಬರುವವರಾದರೆ ಪ್ಲಾಟ್‌ಫಾರ್ಮಿಗೇ ಹೋಗುತ್ತೇನೆ. ಊರು ಸುತ್ತೋಕೆ ಹೋದವರನ್ನು ಸಂಜೆ ಸೇರಿಸಿಕೊಳ್ಳಬೇಕಾದರೆ ಶಿಂಜುಕು ಬೇಡ, ಪಕ್ಕದ ಯೋಯೋಗಿಗೆ ಬನ್ನಿ ಅನ್ನುತ್ತೇನೆ. ಒಂದೇ ಸ್ಟೇಷನ್ ಆಚೆ. ಅಲ್ಲಿನ ಬಾಗಿಲು ಬೆರಳಲ್ಲೇ ಎಣಿಸಬಹುದು. "ಗೇಟ್ ದಾಟಬೇಡಿ" ಅಥವಾ "ಗೇಟ್ ದಾಟಿ ನಿಲ್ಲಿ", ಇವೆರಡರಲ್ಲಿ ಒಂದನ್ನು ಮೂರು ಸಲ ಹೇಳುತ್ತೇನೆ. ಗುರುತಿನ ಫೋಟೋ ಕಳಿಸುವುದಿಲ್ಲ. ಗೇಟಿನ ಮೇಲಿನ ಬೋರ್ಡಿನ ಫೋಟೋ ಕಳಿಸುತ್ತೇನೆ, ಅಕ್ಷರ ಓದಲು ಬರದಿದ್ದರೂ ಆಕಾರ ಹೋಲಿಸಿ ನೋಡಬಹುದು. ಕಾಯುವ ಜಾಗದಲ್ಲಿ ಅಮ್ಮನಂಥವರು ಅರ್ಧ ಗಂಟೆ ಕೂರಬಹುದಾ ಅಂತಲೂ ನೋಡುತ್ತೇನೆ.

ಆ ಸಲ ಊರಿಗೆ ಹೊರಡುವ ಮೊದಲು ಅಮ್ಮ ಹಾಚಿಕೋ ನೋಡಬೇಕು ಅಂದಳು. ಕರೆದುಕೊಂಡು ಹೋದೆ. ಕ್ಯೂನಲ್ಲಿ ನಿಂತು ಕಥೆ ಹೇಳಿದೆ. ಕೇಳಿ ಮುಗಿದ ಮೇಲೆ ಅಪ್ಪನ ಕಡೆ ತಿರುಗಿ, "ನೋಡಿ, ಹತ್ತು ವರ್ಷ ಆದ್ರೂ ಜಾಗ ಬಿಟ್ಟು ಕದಲಲಿಲ್ಲ" ಅಂದಳು. ಅಪ್ಪ ಟ್ರಾಫಿಕ್ ಸಿಗ್ನಲ್ ನೋಡುತ್ತಾ ನಿಂತರು.

2025ರ ನವೆಂಬರ್‌ನಲ್ಲಿ ಇಬ್ಬರೂ ಮತ್ತೆ ಬಂದರು. ಮತ್ತೆ ಒಸಾಕಾದಿಂದ ಅದೇ ದಾರಿ. ಈ ಸಲ ನಾನು ಗಾಡಿ ಬರುವುದಕ್ಕೆ ಕಾಲು ಗಂಟೆ ಮೊದಲೇ ಪ್ಲಾಟ್‌ಫಾರ್ಮಿನಲ್ಲಿದ್ದೆ. 12ನೇ ಬೋಗಿ. ಗುರುತು ನೋಡಿಕೊಂಡು ಬಾಗಿಲು ಬರುವಲ್ಲಿ ನೆಟ್ಟಗೆ ನಿಂತೆ. ಗಾಡಿ ಬಂತು, ನಿಂತಿತು, ಬಾಗಿಲು ನನ್ನ ಮೂಗಿನ ಎದುರಿಗೇ ತೆರೆಯಿತು. ಒಬ್ಬೊಬ್ಬರಾಗಿ ಇಳಿದರು. ಸೂಟು ಹಾಕಿದವರು, ಮಗು ಎತ್ತಿಕೊಂಡವರು, ಗಾಲ್ಫ್ ಬ್ಯಾಗಿನವರು. ಬಾಗಿಲು ಖಾಲಿಯಾಯಿತು. ಅಪ್ಪ ಅಮ್ಮ ಇಲ್ಲ.

ಎದೆ ಧಸಕ್ಕೆಂದಿತು. ಅಷ್ಟರಲ್ಲಿ ಎಡಗಡೆಯಿಂದ ನನ್ನ ಮನೆಯ ಹೆಸರು ಹಿಡಿದು ಯಾರೋ ಜೋರಾಗಿ ಕೂಗಿದರು. ಆ ಪ್ಲಾಟ್‌ಫಾರ್ಮಿನಲ್ಲಿ ಅಷ್ಟು ಜೋರಾಗಿ ಯಾರೂ ಮಾತಾಡುವುದಿಲ್ಲ. ತಿರುಗಿ ನೋಡಿದರೆ ಅದೇ ಬೋಗಿಯ ಇನ್ನೊಂದು ತುದಿಯಲ್ಲಿ ಅಮ್ಮ ಸೂಟ್‌ಕೇಸ್ ಮೇಲೆ ಆಗಲೇ ಕೂತಿದ್ದಳು. ಅಪ್ಪ ಪಕ್ಕದಲ್ಲೇ ನಿಂತಿದ್ದರು, ಕದಲದೆ.

ಹತ್ತಿರ ಹೋದೆ. "ಒಂದು ಬೋಗಿಗೆ ಎರಡು ಬಾಗಿಲು ಇರುತ್ತೆ" ಅಂದರು ಅಪ್ಪ. "ಯಾವ ಬಾಗಿಲು ಅಂತ ನೀನು ಕೇಳಬೇಕಿತ್ತು."